ಅಂಗೈಯೊಳಗಿನ ಎಂಜಿನು

ಆಷಾಢದ ಗಾಳಿ ಬೀಸತೊಡಗಿತೆಂದರೆ ಬಸವನಗುಡಿಯ ಬಯಲುಗಳ ಮೇಲೆ ಗಾಳಿಪಟಗಳು ಏಳುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಕೆಲವರು ಹಾರಿಸಿಯೂ ಇರಬಹುದು. ಗಾಳಿಪಟಕ್ಕೆ ಬೇಕಾದ ಸಾಮಗ್ರಿಯೆಲ್ಲ ಮನೆಯಲ್ಲಿಯೇ ದೊರೆಯುತ್ತದೆ. ಎರಡು ಬಿದಿರು ಕಡ್ಡಿ, ಒಂದು ತೆಳುಕಾಗದ, ನಾಲ್ಕು ಅಗುಳು ಅನ್ನ, ಹಳೆಯ ಪಂಚೆಯಿಂದ ಹರಿದ ಒಂದು ಬಾಲಂಗೋಚಿ. ಸೂತ್ರವನ್ನು ಸರಿಯಾಗಿ ಕಟ್ಟಿದರೆ ಮುಗಿಯಿತು; ಮಿಕ್ಕದ್ದನ್ನು ಗಾಳಿ ನೋಡಿಕೊಳ್ಳುತ್ತದೆ.

ಗಾಳಿಪಟ ಕಟ್ಟಿದ ಕೈ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಮಾದರಿ ವಿಮಾನವನ್ನು ಮಾಡಬೇಕೆನ್ನುತ್ತದೆ. ಅದೂ ಅಷ್ಟೇನೂ ಕಷ್ಟದ ಕೆಲಸವಲ್ಲ. ರೆಕ್ಕೆಯ ಪಕ್ಕೆಲುಬುಗಳನ್ನು ಬಿದಿರಿನಿಂದಲೋ ಹಗುರವಾದ ಮರದಿಂದಲೋ ಕೊಯ್ಯಬಹುದು. ಮೇಲೆ ಕಾಗದವನ್ನು ಅಂಟಿಸಬಹುದು. ರಬ್ಬರಿನ ಎಳೆಗಳನ್ನು ಹುರಿಗೊಳಿಸಿ ಬಿಟ್ಟರೆ ಮೂತಿಯ ಮೇಲಿನ ಪ್ರೊಪೆಲರು ಅರ್ಧ ನಿಮಿಷದಷ್ಟು ಹೊತ್ತು ತಿರುಗುತ್ತದೆ. ಆದರೆ ಅರ್ಧ ನಿಮಿಷದಿಂದ ಯಾವ ಹುಡುಗನಿಗೆ ತಾನೆ ತೃಪ್ತಿಯಾದೀತು? ಅವನಿಗೆ ಬೇಕಾದದ್ದು ಎಂಜಿನು. ತೊಡಕು ಇಲ್ಲಿಂದಲೇ ಮೊದಲಾಗುತ್ತದೆ. ವಿಮಾನದ ಮೈಯನ್ನು ಮನೆಯಲ್ಲಿ ಮಾಡಿಕೊಳ್ಳಬಹುದು, ಎಂಜಿನನ್ನು ಮಾಡಿಕೊಳ್ಳಲಾಗುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಂಡಿರಿ. ಇದು ಹುಡುಗರಿಗೆ ಮಾತ್ರ ಅನ್ವಯಿಸುವ ಮಾತಲ್ಲ.

ಈಗ ನನ್ನ ಮೇಜಿನ ಮೇಲೆ ಅಂಥ ಒಂದು ಎಂಜಿನು ಕುಳಿತಿದೆ. ಮುಷ್ಟಿ ಮುಚ್ಚಿದರೆ ಮರೆಯಾಗುವಷ್ಟು ಚಿಕ್ಕದು. ತೂಕ ನೂರು ಗ್ರಾಮಿಗಿಂತ ತುಸು ಹೆಚ್ಚು. ಮೇಲೆ ಉಂಗುರ ಉಂಗುರವಾಗಿ ತಣಿಸುವ ತಗಡುಗಳು, ನೆತ್ತಿಯ ಮೇಲೊಂದು ತಿರುಪು, ಮುಂದೆ ಪ್ರೊಪೆಲರನ್ನು ಬಿಗಿಯುವ ದಂಡ, ಪಕ್ಕದಲ್ಲಿ ಸೂಜಿಯಂಥ ಒಂದು ಕವಾಟ. ಇದರ ಹೆಸರು ಎಂ.ಕೆ.-17; ‘ಯೂನಿಯರ್’, ಎಂದರೆ ‘ಕಿರಿಯ’, ಎಂದು ಮುದ್ದಿನ ಹೆಸರೂ ಉಂಟು. ಇದು ಸೋವಿಯತ್ ಒಕ್ಕೂಟದಲ್ಲಿ ತಯಾರಾದದ್ದು. ಚಾಮರಾಜಪೇಟೆಯ ನನ್ನ ಗೆಳೆಯರೊಬ್ಬರು ವ್ಯಾಸಂಗಕ್ಕೆಂದು ಮಾಸ್ಕೋಗೆ ಹೋಗಿದ್ದವರು ಹಿಂದಿರುಗುವಾಗ ತಂದುಕೊಟ್ಟರು. ‘ಏನು ಬೆಲೆಯಾಯಿತು?’ ಎಂದು ಸಂಕೋಚದಿಂದ ಕೇಳಿದೆ. ‘ಅಲ್ಲಿ ಇದನ್ನು ಆಟದ ಸಾಮಾನಿನ ಅಂಗಡಿಯಲ್ಲಿ ಮಾರುತ್ತಾರಯ್ಯ, ಶಾಲೆಯ ಹುಡುಗರು ಕೊಳ್ಳುತ್ತಾರೆ’ ಎಂದು ನಕ್ಕುಬಿಟ್ಟರು. ಆ ಉತ್ತರ ನನ್ನ ಮನಸ್ಸಿನಲ್ಲಿ ನಿಂತುಹೋಯಿತು. ಶಾಲೆಯ ಹುಡುಗರು ಎಂಜಿನು ಕೊಳ್ಳುವುದೆಂದರೇನು, ಅದು ಹೇಗೆ ಸಾಧ್ಯವಾಯಿತು ಎಂಬುದೇ ಇಂದಿನ ಭಾಷಣದ ವಿಷಯ.

ಮೊದಲು ಈ ಯಂತ್ರ ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳೋಣ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿದ್ದೀರಿ. ಗಾಳಿಯನ್ನು ಅಮುಕಿದರೆ ಅದು ಕಾಯುತ್ತದೆ. ಬಹಳವಾಗಿ, ಬಹಳ ಬೇಗ ಅಮುಕಿದರೆ ಬೆಂಕಿ ಹೊತ್ತಿಸುವಷ್ಟು ಕಾಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಈ ತತ್ತ್ವವನ್ನು ಹಿಡಿದು 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1897ರಲ್ಲಿ ಅವನ ಎಂಜಿನು ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ಓಡಿತು. ಕಿಡಿ ಹಾರಿಸುವ ಪ್ಲಗ್ಗು ಅದಕ್ಕೆ ಬೇಕಿಲ್ಲ. ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ತುಂತುರಾಗಿ ಚಿಮ್ಮಿಸಿದರೆ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಲಾರಿಯ ಡೀಸೆಲ್ ಎಂಜಿನಿನಲ್ಲಿ ಹೀಗೆ ಚಿಮ್ಮಿಸುವ ಕೆಲಸಕ್ಕೆ ಒಂದು ಪಂಪು ಇರುತ್ತದೆ. ಆ ಪಂಪಿನ ಭಾಗಗಳು ಕೂದಲೆಳೆಯ ಹತ್ತನೆಯ ಒಂದು ಪಾಲಿಗಿಂತಲೂ ಸೂಕ್ಷ್ಮವಾಗಿ ಒಂದರೊಳಗೊಂದು ಕೂರಬೇಕು. ಬೆಂಗಳೂರಿನವರಿಗೆ ಇದು ಹೊಸ ವಿಷಯವೇನಲ್ಲ. 1951ರಲ್ಲಿ ನಮ್ಮ ಊರಿನಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆ ಆಡುಗೋಡಿಯಲ್ಲಿ ಇಂಥ ಪಂಪುಗಳನ್ನು ತಯಾರಿಸುತ್ತಿತ್ತು, ಅಲ್ಲಿ ಕೆಲಸ ಮಾಡಿದವರು ಬಡಾವಣೆಗೆ ಹತ್ತು ಮಂದಿ ಸಿಗುತ್ತಾರೆ. ಆದರೆ ಒಂದೂವರೆ ಘನ ಸೆಂಟಿಮೀಟರಿನ ಎಂಜಿನಿಗೆ, ಎಂದರೆ ಒಂದು ಪುಟ್ಟ ಚಮಚದ ತುದಿ ತುಂಬುವಷ್ಟೇ ಜಾಗವುಳ್ಳ ಯಂತ್ರಕ್ಕೆ, ಇಂಥ ಪಂಪನ್ನು ಹೇಗೆ ಮಾಡುವುದು? ಮಾಡಿದರೂ ಅದು ಎಂಜಿನಿಗಿಂತ ದೊಡ್ಡದಾದೀತು.

ಆದಕಾರಣ ಒಂದು ಉಪಾಯವನ್ನು ಹೂಡಿದರು. ಎಣ್ಣೆಯನ್ನು ಚಿಮ್ಮಿಸುವ ಬದಲು ಅದನ್ನು ಗಾಳಿಯೊಡನೆ ಮೊದಲೇ ಬೆರೆಸಿ ಒಳಗೆ ಬಿಡುವುದು. ಜೊತೆಗೆ ಬಲು ಬೇಗ ಹೊತ್ತಿಕೊಳ್ಳುವ ಈಥರನ್ನು ಸೇರಿಸುವುದು. ಈಥರು ಸುಮಾರು 160ರಿಂದ 180 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ, ಕಿಡಿಯಿಲ್ಲದೆ, ಹೊತ್ತಿಕೊಳ್ಳುತ್ತದೆ. ಅದು ಹೊತ್ತಿ ಪಕ್ಕದ ಸೀಮೆಎಣ್ಣೆಯನ್ನು ಹೊತ್ತಿಸುತ್ತದೆ. ಶಕ್ತಿಯ ಬಹುಭಾಗ ಬರುವುದು ಸೀಮೆಎಣ್ಣೆಯಿಂದ. ಮೂರನೆಯದು ಹರಳೆಣ್ಣೆ. ಅದು ಉರಿಯುವುದಕ್ಕಲ್ಲ, ಜಾರಿಸುವುದಕ್ಕೆ. ಈಥರು, ಸೀಮೆಎಣ್ಣೆ, ಹರಳೆಣ್ಣೆ, ಮೂರೂ ಸಮಸಮ ಪಾಲು: ರಷ್ಯದ ಹುಡುಗರೆಲ್ಲರೂ ಬಾಯಿಪಾಠ ಮಾಡಿದ್ದ ಸೂತ್ರವಿದು.

ನಿಜವಾಗಿ ಹೇಳಬೇಕೆಂದರೆ ಇದನ್ನು ಡೀಸೆಲ್ ಎನ್ನುವುದು ಪೂರ್ಣವಾಗಿ ಸರಿಯಲ್ಲ. ಅಮುಕಿನಿಂದ ಹೊತ್ತುವ ಎಂಜಿನು ಎನ್ನಬೇಕು. ಆದರೆ ಕರೆದು ರೂಢಿಯಾಗಿಬಿಟ್ಟಿದೆ, ಇರಲಿ. ಇನ್ನೊಂದು ಜಾಣತನವನ್ನು ಮಾತ್ರ ಹೇಳಿಬಿಡುತ್ತೇನೆ. ಸಿಲಿಂಡರಿನ ನೆತ್ತಿಯಲ್ಲಿ ಎದುರುಬದುರಾಗಿ ಇನ್ನೊಂದು ಪಿಸ್ಟನ್ನು ಇದೆ. ಅದು ಆಡುವುದಿಲ್ಲ, ಮೇಲಿನ ತಿರುಪನ್ನು ತಿರುಗಿಸಿದರೆ ಕೆಳಗಿಳಿಯುತ್ತದೆ. ಇಳಿದಷ್ಟೂ ಗಾಳಿಯನ್ನು ಅಮುಕುವ ಪ್ರಮಾಣ ಹೆಚ್ಚುತ್ತದೆ. ಹೀಗೆ ಬೆಂಕಿ ಹೊತ್ತುವ ಗಳಿಗೆಯನ್ನು ಆಡಿಸುವವನು ಬೆರಳಿನಿಂದಲೇ ನಿರ್ಣಯಿಸುತ್ತಾನೆ. ಸೂಜಿ ಕವಾಟದಿಂದ ಎಣ್ಣೆಯ ಪ್ರಮಾಣ, ನೆತ್ತಿಯ ತಿರುಪಿನಿಂದ ಅಮುಕಿನ ಪ್ರಮಾಣ. ಈ ಎರಡರ ಹದ ಕೂಡಿದಾಗ ಎಂಜಿನು ನಿಮಿಷಕ್ಕೆ ಹತ್ತು ಸಾವಿರ ಸುತ್ತುಗಳನ್ನೂ ಮೀರಿ ಹಾಡತೊಡಗುತ್ತದೆ. ಬ್ಯಾಟರಿ ಬೇಡ, ತಂತಿ ಬೇಡ, ಪ್ಲಗ್ಗು ಬೇಡ.

ಈ ಯಂತ್ರ ಹುಟ್ಟಿದ್ದು ರಷ್ಯದಲ್ಲಿ ಅಲ್ಲ. 1934ರಲ್ಲಿ ಅಮೆರಿಕದಲ್ಲಿ ‘ಬ್ರೌನ್ ಜೂನಿಯರ್’ ಎಂಬ ಪುಟ್ಟ ಪೆಟ್ರೋಲ್ ಎಂಜಿನು ಮಾರುಕಟ್ಟೆಗೆ ಬಂದಿತ್ತು. ಅದಕ್ಕೆ ಕಿಡಿಯ ಪ್ಲಗ್ಗು, ಸುರುಳಿ, ಬ್ಯಾಟರಿ ಎಲ್ಲವೂ ಬೇಕು. ಬಡಪಾಯಿ ವಿಮಾನ ಅಷ್ಟನ್ನೂ ಹೊತ್ತು ಹಾರಬೇಕು. ಕಿಡಿಯ ಹಂಗಿಲ್ಲದ ಎಂಜಿನಿಗಾಗಿ ಸ್ವಿಟ್ಜರ್ಲೆಂಡಿನಲ್ಲಿ ಪ್ರಯತ್ನಗಳು ನಡೆದು, 1941ರಲ್ಲಿ ‘ಡೈನೋ’ ಎಂಬ ಎರಡು ಘನ ಸೆಂಟಿಮೀಟರಿನ ಡೀಸೆಲ್ ಮಾರಾಟಕ್ಕೆ ಬಂದಿತು. ಯುದ್ಧದ ಬೆಂಕಿಯಲ್ಲಿಯೇ ಇದರ ವಿದ್ಯೆ ಯೂರೋಪಿನ ದೇಶದಿಂದ ದೇಶಕ್ಕೆ ಹಬ್ಬಿತು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಇಂಗ್ಲೆಂಡಿನಲ್ಲಿ ‘ಮಿಲ್ಸ್’ ಎಂಬ ಎಂಜಿನು ಹೊರಟಿತು. ಅದು ಎಷ್ಟು ಅಚ್ಚುಕಟ್ಟಾದುದೆಂದರೆ ಮುಂದೆ ಹಲವು ದೇಶಗಳವರು ಅದನ್ನೇ ನೋಡಿ ಎರಕ ಹೊಯ್ದರು. ಅಮೆರಿಕದವರು ಮಾತ್ರ 1947ರಿಂದ ಬೇರೆ ದಾರಿ ಹಿಡಿದರು. ಅವರದು ಪ್ಲಾಟಿನಮ್ ತಂತಿಯ ಕಾಯುವ ಪ್ಲಗ್ಗು, ಮೆಥೆನಾಲ್ ಎಣ್ಣೆ.

ರಷ್ಯದಲ್ಲಿ ಮಾದರಿ ವಿಮಾನಗಳ ಹವ್ಯಾಸ ಇದಕ್ಕೂ ಮೊದಲೇ ಬೇರೂರಿತ್ತು. ಅಖಿಲ ಒಕ್ಕೂಟದ ಮೊದಲನೆಯ ಮಾದರಿ ವಿಮಾನ ಸ್ಪರ್ಧೆ ಮಾಸ್ಕೋದಲ್ಲಿ ನಡೆದದ್ದು 1926ರಲ್ಲಿ. ಮರುವರ್ಷ ‘ಒಸೊಅವಿಯಾಖಿಮ್’ ಎಂಬ ಸಂಸ್ಥೆ ಹುಟ್ಟಿತು. ವಾಯುಯಾನ, ಬಂದೂಕು, ರಾಸಾಯನಿಕ ರಕ್ಷಣೆಗಳಲ್ಲಿ ಜನರಿಗೆ ತರಬೇತಿ ಕೊಡುವುದು ಅದರ ಗುರಿ. ಯುದ್ಧಾನಂತರ ಅದು ಮೂರು ಹೋಳಾಗಿ, 1951ರಲ್ಲಿ ಮತ್ತೆ ಕೂಡಿ ‘ದೊಸಾಫ್’ ಎಂಬ ಹೆಸರನ್ನು ಪಡೆಯಿತು. ಭೂಸೇನೆ, ವಿಮಾನದಳ, ನೌಕಾದಳಗಳಿಗೆ ನೆರವಾಗುವ ಸ್ವಯಂಸೇವಾ ಸಂಘ ಎಂದು ಆ ಹೆಸರಿನ ಅರ್ಥ. ಆದುದರಿಂದ ಈ ಕಥೆಯನ್ನು ಬರಿಯ ಮಕ್ಕಳ ಆಟದ ಕಥೆಯೆಂದು ನಾನು ಹೇಳಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಇಂದು ಪುಟ್ಟ ವಿಮಾನ ಹಾರಿಸುವ ಹುಡುಗ ನಾಳೆ ದೊಡ್ಡ ವಿಮಾನ ಹಾರಿಸಲಿ ಎಂಬ ಲೆಕ್ಕಾಚಾರ ಸರಕಾರಕ್ಕೆ ಇದ್ದೇ ಇತ್ತು.

ಲೆಕ್ಕಾಚಾರ ಏನೇ ಇರಲಿ, ಅದರ ಫಲವಾಗಿ ನಡೆದ ಕೆಲಸ ದೊಡ್ಡದು. ಊರೂರಿಗೆ ‘ಪಯೊನೀರ್ ಭವನ’ಗಳೂ ‘ಎಳೆಯ ತಂತ್ರಜ್ಞರ ಕೇಂದ್ರ’ಗಳೂ ಎದ್ದವು. ಶಾಲೆ ಬಿಟ್ಟ ಮೇಲೆ ಹುಡುಗರೂ ಹುಡುಗಿಯರೂ ಅಲ್ಲಿಗೆ ಹೋಗಬಹುದು, ಶುಲ್ಕವಿಲ್ಲ, ಲೇತು, ಕೊರೆಯುವ ಯಂತ್ರ, ಅರ, ಗರಗಸಗಳಿದ್ದುವು, ಹೇಳಿಕೊಡಲು ಒಬ್ಬ ಗುರುವಿದ್ದ. ದಕ್ಷಿಣ ಅಮೆರಿಕದ ಬಾಲ್ಸಾ ಮರ ಸುಲಭವಾಗಿ ಸಿಗುತ್ತಿರಲಿಲ್ಲವಾದ್ದರಿಂದ ತಮ್ಮ ಕಾಡಿನ ಪೈನು, ಲಿಂಡೆನ್ ಮರಗಳಲ್ಲಿಯೇ ಕೆಲಸ ಸಾಗಿಸಿದರು. ಓದಲು ‘ಕ್ರಿಲ್ಯ ರೋದಿನಿ’, ‘ಯೂನಿ ತೆಖ್ನಿಕ್’, 1966ರಿಂದ ‘ಮೊದೆಲಿಸ್ತ್-ಕನ್‌ಸ್ತ್ರುಕ್ತರ್’ ಎಂಬ ಪತ್ರಿಕೆಗಳು. ಇಷ್ಟೆಲ್ಲ ಇದ್ದ ಮೇಲೆ ಎಂಜಿನು ಬೇಡವೆ? ಅದನ್ನೂ ಸರಕಾರದ ಕಾರ್ಖಾನೆಗಳಲ್ಲಿಯೇ ಮಾಡಿಸಿದರು.

ಒಂದೂವರೆ ಘನ ಸೆಂಟಿಮೀಟರಿನ ಎಂ.ಕೆ.-16, ಎರಡೂವರೆ ಘನ ಸೆಂಟಿಮೀಟರಿನ ಎಂ.ಕೆ.-12 ವಿ, ಇವು ಒಂದು ತಲೆಮಾರಿನ ರಷ್ಯದ ಮಕ್ಕಳೆಲ್ಲ ಬಲ್ಲ ಹೆಸರುಗಳು. ಎಂ.ಕೆ.-16ರ ಜಾಗಕ್ಕೆ ಮುಂದೆ ಬಂದದ್ದೇ ನನ್ನ ಮೇಜಿನ ಮೇಲಿರುವ ಎಂ.ಕೆ.-17. ಎರಡೂವರೆ ಘನ ಸೆಂಟಿಮೀಟರಿನ ವರ್ಗದಲ್ಲಿ ‘ರಿತ್ಮ್’, ಆಮೇಲೆ ‘ಕೆ.ಎಂ.ಡಿ.’ ಬಂದುವು, ಕಡೆಗಾಲದಲ್ಲಿ ದೊಸಾಫಿನ ಮಾಸ್ಕೋ ವಿಮಾನ ದುರಸ್ತಿ ಕಾರ್ಖಾನೆ ‘ಮಾರ್ಜ್’ ಎಂಬುದನ್ನು ತಯಾರಿಸಿತು. ಎರಡೂವರೆ ಎಂಬ ಅಳತೆಗೆ ಕಾರಣವುಂಟು. ಅಂತರರಾಷ್ಟ್ರೀಯ ಸ್ಪರ್ಧೆಗಳ ಮುಖ್ಯ ವರ್ಗಗಳಲ್ಲಿ ಎಂಜಿನಿಗೆ ಹಾಕಿದ ಮಿತಿ ಅದೇ. ಅವುಗಳಲ್ಲಿ ‘ತಂಡದ ಓಟ’ ಎಂಬುದೊಂದಿದೆ. ಮೂವರು ಹಾರಾಟಗಾರರು ಒಂದೇ ವೃತ್ತದ ನಡುವೆ ನಿಂತು, 15.92 ಮೀಟರು ಉದ್ದದ ಉಕ್ಕಿನ ತಂತಿಗಳ ತುದಿಯಲ್ಲಿ ಒಬ್ಬೊಬ್ಬರು ಒಂದೊಂದು ವಿಮಾನವನ್ನು ಸುತ್ತಿಸುತ್ತಾರೆ. ನೂರು ಸುತ್ತಿಗೆ ಹತ್ತು ಕಿಲೋಮೀಟರು. ಎಣ್ಣೆಯ ತೊಟ್ಟಿಯ ಗಾತ್ರ ಏಳು ಘನ ಸೆಂಟಿಮೀಟರನ್ನು ಮೀರಕೂಡದು. ತುಂಬಲೆಂದು ಇಳಿದಷ್ಟೂ ಹೊತ್ತು ನಷ್ಟ. ಹೀಗಿರಲಾಗಿ ಹನಿ ಎಣ್ಣೆಯಲ್ಲಿ ಹೆಚ್ಚು ದೂರ ಓಡುವ ಡೀಸೆಲ್ಲಿಗೇ ಅಲ್ಲಿ ಪಟ್ಟ.

ಸೋವಿಯತ್ ಎಂಜಿನುಗಳು ಜಗತ್ತಿನ ಅತ್ಯುತ್ತಮ ಎಂಜಿನುಗಳಾಗಿದ್ದುವೆ? ಖಂಡಿತ ಇಲ್ಲ. ಪ್ರಪಂಚದ ಪದಕಗಳಿಗೆ ಹೋರಾಡಿದ ಅಲ್ಲಿನ ನಿಪುಣರು ತಮ್ಮ ಎಂಜಿನುಗಳನ್ನು ತಾವೇ ಕಡೆದುಕೊಳ್ಳುತ್ತಿದ್ದರು. ಅಂಗಡಿಯ ಎಂಜಿನು ಒರಟು. ಒಂದು ಸುಲಭವಾಗಿ ಹೊತ್ತಿಕೊಂಡರೆ ಅದರ ಒಡಹುಟ್ಟು ಬೆರಳು ಬೀಳುವಷ್ಟು ಸತಾಯಿಸುತ್ತಿತ್ತು. ಪ್ರತಿಯೊಂದರ ಜೊತೆಗೂ ‘ಪಾಸ್‌ಪೋರ್ಟು’ ಎಂಬ ಒಂದು ಮಡಿಕೆ ಕಾಗದ ಬರುತ್ತಿತ್ತು. ಅದರಲ್ಲಿ ಎಂಜಿನಿನ ಅಳತೆ, ಎಣ್ಣೆಯ ಪಾಕ, ಹೊಸದರಲ್ಲಿ ಪಳಗಿಸಬೇಕಾದ ಕ್ರಮ. ಈ ಪಳಗಿಸುವುದೊಂದು ತಪಸ್ಸು. ಹಲಗೆಗೆ ಬಿಗಿದು, ಎಣ್ಣೆಯನ್ನು ಹೆಚ್ಚಾಗಿ ಬಿಟ್ಟು, ಮೆಲ್ಲಮೆಲ್ಲಗೆ ಓಡಿಸಿ, ನಿಲ್ಲಿಸಿ, ತಣಿಸಿ, ಮತ್ತೆ ಓಡಿಸಬೇಕು. ಪಿಸ್ಟನ್ನೂ ಸಿಲಿಂಡರೂ ಒಂದನ್ನೊಂದು ಸವೆಸಿಕೊಂಡು ಹೊಂದಿಕೊಳ್ಳುವವರೆಗೆ ಅವಸರ ಕೂಡದು. ಹೊಸ ಸೊಸೆ ಮನೆಗೆ ಹೊಂದಿಕೊಂಡಂತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರೇನೋ. ಸವೆಯುವುದು ಎರಡೂ ಕಡೆಯವರು ಎಂಬುದನ್ನು ಎಂಜಿನು ಚೆನ್ನಾಗಿ ತೋರಿಸಿಕೊಡುತ್ತದೆ.

ಇಲ್ಲಿ ನಮ್ಮ ಊರಿಗೆ ಬರೋಣ. ವಿಮಾನವೆಂದರೆ ಬೆಂಗಳೂರು ಎನ್ನುವ ಹೆಮ್ಮೆ ನಮಗೆ ಹಳೆಯದು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಾಯದಿಂದ ಇಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದರು. 1942ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ಶಾಸ್ತ್ರದ ವಿಭಾಗ ಹುಟ್ಟಿತು. 1951ರ ಆಗಸ್ಟಿನಲ್ಲಿ, ಡಾಕ್ಟರ್ ಘಾಟಗೆಯವರ ವಿನ್ಯಾಸದ ಎಚ್.ಟಿ.-2 ನಮ್ಮ ಆಕಾಶದಲ್ಲಿ ಹಾರಿತು. ಇಂಥ ಊರಿನಲ್ಲಿ ಬೆಳೆದ ನಾನು ವಿದ್ಯಾರ್ಥಿಯಾಗಿದ್ದಾಗ ಎನ್.ಸಿ.ಸಿ.ಯ ವಿಮಾನ ಶಾಖೆಗೆ ಸೇರಿದೆ. ಅಲ್ಲಿ ಮಾದರಿ ವಿಮಾನವೂ ಪಾಠದ ಒಂದು ಭಾಗ. ನಾವು ಮೂವತ್ತು ಮಂದಿ. ನಮಗಿದ್ದ ಡೀಸೆಲ್ ಎಂಜಿನು ಒಂದು. ಇಂಗ್ಲೆಂಡಿನದು, ಆಭರಣದಂತೆ ಹೊಳೆಯುತ್ತಿತ್ತು. ಆಭರಣದಂತೆಯೇ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ವರ್ಷಕ್ಕೊಮ್ಮೆ, ದೊಡ್ಡವರು ಬಂದ ದಿನ, ಹೊರಗೆ ತೆಗೆದು ಒಬ್ಬರು ಓಡಿಸುತ್ತಿದ್ದರು. ನಾವು ಇಪ್ಪತ್ತೊಂಬತ್ತು ಮಂದಿ ಕೈಕಟ್ಟಿ ದೂರ ನಿಂತು ನೋಡುತ್ತಿದ್ದೆವು.

ಬೀಗ ಹಾಕಿದವರನ್ನು ನಾನು ದೂರುವುದಿಲ್ಲ. ಹೊರಗಿನಿಂದ ಸಾಮಾನು ತರಿಸಲು ಪರವಾನಗಿ ಸಿಗದಿದ್ದ ಕಾಲ ಅದು. ಒಂದು ತಿರುಪು ಕಳೆದರೆ ಇನ್ನೊಂದು ಬರುವಂತಿರಲಿಲ್ಲ. ಕಲ್ಕತ್ತೆಯಲ್ಲಿ ‘ಅರೋರಾ’ ಎಂಬ ಹೆಸರಿನಲ್ಲಿ ಪುಟ್ಟ ಎಂಜಿನುಗಳು ತಯಾರಾದುದುಂಟು. ಅವು ನಮ್ಮ ಕೈಗೆ ಎಟುಕಲಿಲ್ಲ. ರಷ್ಯದ ಪುಸ್ತಕಗಳು ಮಾತ್ರ ಎಟುಕಿದುವು. 1960ರಲ್ಲಿ ಸ್ಥಾಪಿತವಾದ ನವಕರ್ನಾಟಕ ಸಂಸ್ಥೆಯ ಮಳಿಗೆಯಲ್ಲಿ ಕಾಫಿ ತಿಂಡಿಯ ಖರ್ಚಿನಲ್ಲಿ ವಿಜ್ಞಾನದ ರಟ್ಟುಕಟ್ಟಿದ ಪುಸ್ತಕಗಳನ್ನು ಕೊಳ್ಳಬಹುದಾಗಿತ್ತು. ಒಳ್ಳೆಯ ವಸ್ತುವನ್ನು ಬಡ ವಿದ್ಯಾರ್ಥಿಯ ಕೈಗೆಟುಕುವ ಬೆಲೆಯಲ್ಲಿ ಮುಟ್ಟಿಸುವುದು ಏನೆಂಬುದನ್ನು ಬೆಂಗಳೂರು ಆ ಪುಸ್ತಕಗಳಿಂದ ಅರಿತಿತ್ತು. ಪುಸ್ತಕ ಬಂದ ಹಾಗೆ ಎಂಜಿನು ನಮ್ಮ ಅಂಗಡಿಗಳಿಗೆ ಬಂದುದನ್ನು ನಾನು ಕಾಣಲಿಲ್ಲ.

ಆದಕಾರಣ ಗೆಳೆಯರು ಈ ಎಂ.ಕೆ.-17ನ್ನು ತಂದುಕೊಟ್ಟ ದಿನ ನನಗಾದ ಸಂಭ್ರಮವನ್ನು ನೀವೇ ಊಹಿಸಿಕೊಳ್ಳಿ. ಸೀಮೆಎಣ್ಣೆಗೆ ರೇಷನ್ ಅಂಗಡಿ, ಈಥರಿಗೆ ಪರಿಚಯದ ಒಬ್ಬ ಔಷಧದ ವ್ಯಾಪಾರಿ, ಹರಳೆಣ್ಣೆಗೆ ಅಜ್ಜಿ. ಅಜ್ಜಿ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ, ‘ಹೊಟ್ಟೆಗೆ ಕೊಡ್ತೀನಿ ಅಂದ್ರೆ ಬೀದಿ ದಾಟಿ ಓಡ್ತಿದ್ದೆಯಲ್ಲೋ, ಈಗ ನೀನೇ ಬಂದು ಕೇಳ್ತಿದ್ದೀಯಲ್ಲ’ ಎಂದರು. ‘ಇದು ನನಗಲ್ಲ ಅಜ್ಜಿ, ಯಂತ್ರಕ್ಕೆ’ ಎಂದೆ. ‘ಯಂತ್ರಕ್ಕೂ ಮಲಬದ್ಧತೆಯೇನೋ’ ಎಂದು ಕೊಟ್ಟರು.

ಪಾಸ್‌ಪೋರ್ಟಿನಲ್ಲಿ ಹೇಳಿದಂತೆ ಮಾಡಿದರೂ ಎಂಜಿನು ಎರಡು ದಿನ ಕೆಮ್ಮಿತೇ ಹೊರತು ಓಡಲಿಲ್ಲ. ಮೂರನೆಯ ದಿನ ಕಾರಣ ಹೊಳೆಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಮಾಸ್ಕೋ ಇದಕ್ಕಿಂತ ಎಷ್ಟೋ ತಗ್ಗು. ಇಲ್ಲಿನ ಗಾಳಿಯ ಒತ್ತಡ ಕಡಲ ತಡಿಯ ಒತ್ತಡಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಮೆ. ತೆಳುವಾದ ಗಾಳಿಯನ್ನು ಇನ್ನಷ್ಟು ಬಿಗಿಯಾಗಿ ಅಮುಕಬೇಕು. ಎಣ್ಣೆಯನ್ನು ತುಸು ಕಡಮೆ ಬಿಡಬೇಕು. ಅದಲ್ಲದೆ ಈಥರು 35 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದು ಆವಿಯಾಗುವ ದ್ರವ. ಏಪ್ರಿಲಿನ ಮಧ್ಯಾಹ್ನ ಬಿರಡೆ ಸಡಿಲವಾಗಿದ್ದ ಸೀಸೆಯಿಂದ ನನ್ನ ಈಥರಿನ ಅರ್ಧ ಭಾಗ ಆಗಲೇ ಹಾರಿಹೋಗಿತ್ತು. ನೆತ್ತಿಯ ತಿರುಪನ್ನು ಕಾಲು ಸುತ್ತು ಬಿಗಿದು, ಸೂಜಿಯನ್ನು ಎಳ್ಳಷ್ಟು ಒಳಕ್ಕೆ ತಿರುಗಿಸಿ, ಹೊಸ ಪಾಕ ಹಾಕಿ ಪ್ರೊಪೆಲರಿಗೆ ಬೆರಳಿನಿಂದ ಒಂದು ಏಟು ಕೊಟ್ಟೆ. ಬೀದಿಗೆಲ್ಲ ಕೇಳುವಂತೆ ಅದು ಒಮ್ಮೆಗೇ ಕಿರಿಚಿತು. ಬೆರಳಿನ ತುದಿ ಕೊಯ್ದು ರಕ್ತ ಬರುತ್ತಿದ್ದುದು ಎಂಜಿನು ನಿಂತ ಮೇಲೆ ತಿಳಿಯಿತು.

ನಾನು ಬಿ.ಎಸ್ಸಿ. ತರಗತಿಯಲ್ಲಿ ಅನಿಲಗಳ ನಿಯಮಗಳನ್ನು ಓದಿದ್ದೆ, ಪರೀಕ್ಷೆಯಲ್ಲಿ ಅಂಕ ಗಳಿಸಿದ್ದೆ. ಅವು ನನ್ನವಾದದ್ದು ಆ ದಿನ. ಬೀರುವಿನೊಳಗಿದ್ದ ಚಿನ್ನದಂಥ ಎಂಜಿನು ಕಲಿಸದೆ ಬಿಟ್ಟದ್ದನ್ನು ಈ ಒರಟು ಎಂಜಿನು ಮೂರು ದಿನದಲ್ಲಿ ಕಲಿಸಿತು. ಕೆಡಿಸಿದರೆ ಏನು ಗತಿ ಎಂಬ ಭಯವಿಲ್ಲದೆ ಅದನ್ನು ನಾನು ಬಿಚ್ಚಬಹುದಾಗಿತ್ತು ಎಂಬುದೇ ಅದರ ಗುಟ್ಟು.

ಮೊದಲು ಹೇಳಿದ ಮಾತಿಗೆ ಈಗ ಹಿಂದಿರುಗುತ್ತೇನೆ. ಮೈ ಮಾಡಿಕೊಳ್ಳಬಹುದು, ಎಂಜಿನು ಮಾಡಿಕೊಳ್ಳಲಾಗದು. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಎಚ್.ಎಫ್.-24 ‘ಮಾರುತ’ ಮೊದಲ ಬಾರಿಗೆ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ನಮ್ಮವರು ಕಟ್ಟಿದ ಜೆಟ್ ಯುದ್ಧವಿಮಾನ. ಮೈಕಟ್ಟು ಬಲು ಚೆಲುವಾದದ್ದು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಲೆಂದು ಅದನ್ನು ರೂಪಿಸಿದ್ದರು. ಆದರೆ ಅದಕ್ಕೆ ತಕ್ಕ ಎಂಜಿನು ದೊರೆಯಲಿಲ್ಲ. ರಷ್ಯದ ಒಂದು ಎಂಜಿನನ್ನು ಪರಿಶೀಲಿಸಿದರು, ಈಜಿಪ್ಟಿನಲ್ಲಿ ಸಿದ್ಧವಾಗುತ್ತಿದ್ದ ಒಂದನ್ನು ಪರೀಕ್ಷಿಸಿದರು, ಯಾವುದೂ ಕೂಡಿಬರಲಿಲ್ಲ. ಸಣ್ಣ ಆರ್ಫಿಯಸ್ ಎಂಜಿನುಗಳೆರಡರಲ್ಲಿಯೇ ತೃಪ್ತಿಪಟ್ಟು 147 ವಿಮಾನಗಳನ್ನು ಕಟ್ಟಿದರು. ಉದ್ದೇಶಿಸಿದ ವೇಗ ಕೈಗೆ ಸಿಗಲಿಲ್ಲ. ನಾಲ್ವತ್ತು ವರ್ಷಗಳ ಬಳಿಕ, 2001ರ ಜನವರಿ 4ರಂದು, ಇದೇ ಊರಿನಿಂದ ತೇಜಸ್ ಹಾರಿತು. ಮೈ ನಮ್ಮದು, ಎಂಜಿನು ಅಮೆರಿಕದ್ದು. 1989ರಲ್ಲಿ ಇಲ್ಲಿಯೇ ಕೈಗೊಂಡ ‘ಕಾವೇರಿ’ ಎಂಜಿನು ಅದಕ್ಕೆ ಒದಗಲಿಲ್ಲ. ಬಸವನಗುಡಿಯ ಹುಡುಗನ ಕೊರತೆಯೂ ದೇಶದ ಕೊರತೆಯೂ ಒಂದೇ ಆಕಾರದಲ್ಲಿದ್ದುವು.

ಹುಡುಗರಿಗೆ ಪುಟ್ಟ ಎಂಜಿನು ಕೊಟ್ಟಿದ್ದರೆ ಮಾರುತಕ್ಕೆ ದೊಡ್ಡ ಎಂಜಿನು ಬಂದುಬಿಡುತ್ತಿತ್ತೆಂದು ಹೇಳುವಷ್ಟು ಸರಳ ಬುದ್ಧಿಯವನು ನಾನಲ್ಲ. ಜೆಟ್ ಎಂಜಿನಿಗೆ ಲೋಹವಿದ್ಯೆ ಬೇಕು, ಹಣ ಬೇಕು, ದಶಕಗಳ ತಾಳ್ಮೆ ಬೇಕು. ಆದರೂ ಒಂದು ಸಂಗತಿ ಯೋಚಿಸತಕ್ಕದ್ದು. ‘ಯಾಕ್’ ವಿಮಾನಗಳನ್ನು ರೂಪಿಸಿದ ಯಾಕೊವ್‌ಲೆವ್ ತಮ್ಮ ಬದುಕು ಮೊದಲಾದದ್ದು ಶಾಲೆಯ ಹಜಾರದಲ್ಲಿ ಹಾರಿಸಿದ ಒಂದು ಮಾದರಿ ಗ್ಲೈಡರಿನಿಂದ ಎಂದು ಬರೆದುಕೊಂಡಿದ್ದಾರೆ. ನಮ್ಮ ವಾಯುದಳಕ್ಕೆ 1961ರಿಂದ ಸೇವೆ ಸಲ್ಲಿಸಿದ ಆನ್-12 ಸಾಗಣೆ ವಿಮಾನದ ಆಂಟನೊವ್ ಎಳೆವಯಸ್ಸಿನಲ್ಲಿ ಸರಾತೊವ್ ನಗರದಲ್ಲಿ ಗ್ಲೈಡರುಗಳನ್ನು ಕಟ್ಟಿದವರು. ಇವರಿಬ್ಬರೂ ಪುಟ್ಟ ಡೀಸೆಲ್ಲಿನ ಕಾಲಕ್ಕಿಂತ ಮುಂಚಿನವರು. ತಾವು ನಡೆದು ಬಂದ ದಾರಿಯನ್ನು ಮುಂದಿನ ಮಕ್ಕಳಿಗೆ ಅಗಲ ಮಾಡಿಕೊಡಬೇಕೆಂದು ಆ ದೇಶಕ್ಕೆ ತೋರಿತು. ಹಾಗೆ ಅಗಲವಾದ ದಾರಿಯ ಮೇಲೆ ಬಿದ್ದ ಕಲ್ಲುಹಾಸಿನಲ್ಲಿ ಎಂ.ಕೆ.-17 ಒಂದು.

ಆ ದಾರಿ ಈಗ ಹಾಗೆ ಉಳಿದಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಗೊಂಡಿತು. ಲಾಭನಷ್ಟ ನೋಡದೆ ಮಕ್ಕಳಿಗಾಗಿ ಎಂಜಿನು ಮಾಡುವ ಏರ್ಪಾಡು ಅದರೊಡನೆ ಕುಸಿಯಿತು. ಈಥರು ಮಾದಕ ದ್ರವ್ಯಗಳ ತಯಾರಿಕೆಗೂ ಬಳಕೆಯಾಗುವುದರಿಂದ 1988ರ ವಿಶ್ವಸಂಸ್ಥೆಯ ಒಪ್ಪಂದದ ಪಟ್ಟಿಗೆ ಸೇರಿ, ಹಲವು ದೇಶಗಳಲ್ಲಿ ಅದರ ಮಾರಾಟಕ್ಕೆ ಕಟ್ಟುಪಾಡು ಬಿದ್ದಿತು. ಆಮೇಲೆ ಹಗುರವಾದ ಲಿಥಿಯಮ್ ಬ್ಯಾಟರಿಗಳೂ ವಿದ್ಯುತ್ ಮೋಟಾರುಗಳೂ ಬಂದುವು. ಅವು ಸದ್ದಿಲ್ಲದೆ, ನಾತವಿಲ್ಲದೆ, ಬೆರಳು ಕೊಯ್ಯದೆ ವಿಮಾನವನ್ನು ಹಾರಿಸುತ್ತವೆ. ಇದಕ್ಕಾಗಿ ನಾನು ಅಳುವುದಿಲ್ಲ. ಈಥರು ಅಪಾಯಕರವಾದ ವಸ್ತು; ಬೆಂಕಿಯ ಬಳಿ ತಂದರೆ ಮನೆಯೇ ಹೊತ್ತೀತು. ಈ ಭಾಷಣವನ್ನು ಓದಿ ಯಾವ ಹುಡುಗನೂ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ತಾಯಿತಂದೆಗಳೆ, ಉಪಾಧ್ಯಾಯರೆ, ನಿಮ್ಮನ್ನು ಕೇಳಿಕೊಳ್ಳುವುದು ಬೇರೆ. ನಿಮ್ಮ ಶಾಲೆಯಲ್ಲಿ ಒಂದು ಬೀರು ಇದ್ದೇ ಇರುತ್ತದೆ. ಅದರೊಳಗೆ ಒಂದು ಸೂಕ್ಷ್ಮದರ್ಶಕವೋ, ಒಂದು ತಕ್ಕಡಿಯೋ, ಒಂದು ಮೋಟಾರೋ ಬೀಗದ ಹಿಂದೆ ಹೊಳೆಯುತ್ತ ಕುಳಿತಿರುತ್ತದೆ. ಒಬ್ಬರು ಓಡಿಸಿ ಇಪ್ಪತ್ತೊಂಬತ್ತು ಮಂದಿ ನೋಡುವ ಒಂದು ಅತ್ಯುತ್ತಮ ಯಂತ್ರಕ್ಕಿಂತ, ಮೂವತ್ತು ಮಂದಿಯೂ ಬಿಚ್ಚಿ ಕೂಡಿಸಬಹುದಾದ ಮೂವತ್ತು ಸಾಧಾರಣ ಯಂತ್ರಗಳು ಮೇಲು. ಎರಡು ಕೆಟ್ಟರೆ ಕೆಡಲಿ. ಕೆಡಿಸಿದ ಕೈಯೇ ಸರಿಪಡಿಸುವುದನ್ನೂ ಕಲಿಯುತ್ತದೆ. ದೊಡ್ಡ ಎಂಜಿನುಗಳನ್ನು ಮಾಡುವವರು ಎಲ್ಲಿಂದಲೋ ಇಳಿದು ಬರುವುದಿಲ್ಲ. ಕೈಕಟ್ಟಿ ನಿಂತವರ ಸಾಲಿನಿಂದಲೂ ಬರಲಾರರು.

ನನ್ನ ಎಂ.ಕೆ.-17 ಈಗ ಓಡುವುದಿಲ್ಲ. ಹರಳೆಣ್ಣೆ ಒಳಗೆ ಗೋಂದಿನಂತೆ ಗಟ್ಟಿಯಾಗಿದೆ. ಹೋದ ತಿಂಗಳು ನನ್ನ ಮೊಮ್ಮಗಳು ಅದನ್ನು ಕೈಗೆ ತೆಗೆದುಕೊಂಡು ಪ್ರೊಪೆಲರಿನ ದಂಡವನ್ನು ತಿರುಗಿಸಲು ನೋಡಿದಳು. ತಿರುಗಲಿಲ್ಲ. ‘ತಾತ, ಬಿಚ್ಚಲೇ?’ ಎಂದು ಕೇಳಿದಳು. ಇದು ಒಂದೇ ಇರುವುದು, ಇನ್ನೊಂದು ಸಿಗುವುದಿಲ್ಲ, ಕೆಡಿಸಿಬಿಟ್ಟೀಯೆ ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು ಒಳಗಿನಿಂದ ತಿರುಪುಳಿಯನ್ನು ತಂದು ಅವಳ ಕೈಗೆ ಕೊಟ್ಟೆ.

(ಆಕಾಶವಾಣಿಯ ಬೆಂಗಳೂರು ಕೇಂದ್ರದಿಂದ ಪ್ರಸಾರವಾದ ಭಾಷಣ)